ಗೀಸರಿನ ಮೂರನೇ ಥರ್ಮೋಸ್ಟಾಟ್

ಡಿಸೆಂಬರ್ ೧೪, ಭಾನುವಾರ

ಎರಡು ತಿಂಗಳಲ್ಲಿ ಇದು ಮೂರನೆಯದು. ಹಾಳಾದ ಗೀಸರ್! ಮೆಕ್ಯಾನಿಕ್ ಯೋಗೇಂದ್ರ ನಕಲಿ ಸಾಮಾನು ಹಾಕುತ್ತಿದ್ದಾನೆ ಎಂದೇ ನಂಬಿದ್ದೆ. ಇವತ್ತು ಬಂದವನನ್ನು ಕಾಫಿ ಬೇಕಾ ಅಂತ ಕೂಡ ಕೇಳಲಿಲ್ಲ.

ಬಿಚ್ಚಿ ನೋಡಿ, “ದಿನಾ ಗಂಟೆಗಟ್ಲೆ ಆನ್ ಇದ್ರೆ ಸುಟ್ಟೋಗುತ್ತೆ ಕಣ್ರೀ. ಯಾರು ಹಾಕ್ಬುಟ್ಟು ಮರ್ತೋಗೋದು?” ಎಂದ.

ಬಾಗಿಲಲ್ಲಿ ನಿಂತಿದ್ದ ಮಾವ, “ಮರ್ತಿಲ್ಲಪ್ಪ, ನಾನೇ ಹಾಕ್ತಿದ್ದೆ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೈಟ್ ಡ್ಯೂಟಿ ಮುಗಿಸ್ಕೊಂಡು ನೀನು ಎಷ್ಟೊತ್ಗೆ ಬರ್ತೀಯೋ ಗೊತ್ತಾಗಲ್ಲ ಕಣಮ್ಮ. ನೀರು ಆರೋಗ್ಬುಟ್ರೆ ಅಂತ ಬೆಳಿಗ್ಗೆ ಐದಕ್ಕೇ ಹಾಕಿ, ನೀನು ಬರೋಗಂಟ ಹಂಗೇ ಬುಟ್ಬುಡ್ತಿದ್ದೆ.”

ಅವರಾದರೋ ಈ ಚಳಿಯಲ್ಲೂ ತಣ್ಣೀರು ಸುರಿದುಕೊಂಡೇ ಲಿಂಗಪೂಜೆಗೆ ಕೂರುವವರು. ಗೀಸರ್ ವಿಷಯ ಅವರನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಆಸ್ಪತ್ರೆಯಿಂದ ಬಂದು ನಲ್ಲಿ ತಿರುಗಿಸಿದರೆ ಬಿಸಿನೀರು ಇರುತ್ತಿತ್ತು. ನಮ್ಮವರು ಸ್ನಾನ ಮಾಡಿ ಉಳಿದದ್ದು ಅಂದುಕೊಂಡಿದ್ದೆ. ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದೆ, ಯೋಗೇಂದ್ರನಿಗೆ ದೊಡ್ಡ ಲೋಟದಲ್ಲಿ.

ಇನ್ನು ಮೇಲೆ ಡ್ಯೂಟಿ ಮುಗಿಸಿ ಮನೆಗೆ ಬರುವ ಬೋಗಾದಿ ಬಸ್ಸು ಹತ್ತಿದ ತಕ್ಷಣ ಫೋನ್ ಮಾಡುತ್ತೇನೆ, ಆಗ ಸ್ವಿಚ್ ಹಾಕಿದರೆ ಸಾಕು ಎಂದು ಮಾವನಿಗೆ ಹೇಳಿದ್ದೇನೆ. ಈಗ ನೋಡಿದರೆ ಫೋನನ್ನು ಪೂರ್ತಿ ಚಾರ್ಜ್ ಮಾಡಿ, ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದ್ದಾರೆ.

ನನ್ನ ಮುಂದಿನ ನೈಟ್ ಡ್ಯೂಟಿ ಇರುವುದು ಬುಧವಾರ.