ಸಾಲಿನ ನಡುವಿನ ಪದ

ಕೊಪ್ಪಳ, ಫೆಬ್ರವರಿ ೩೦, ೨೧೯೧

ಒಂದನೆಯ, ಎರಡನೆಯ ತರಗತಿಗಳಿಗೆ ಕಲಿಸುತ್ತಿರುವ ಅಕ್ಕೋರೇ, ಸರ್‌ಗಳೇ,

ಈ ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದ ನಂತರ ಕ್ಯಾಲೆಂಡರು ತಿದ್ದಿದರು. ಫೆಬ್ರವರಿಗೂ ಮೂವತ್ತು ದಿನ ಸಿಕ್ಕವು. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳಿಂದ ಕಲಿತ ಬರವಣಿಗೆ ಇದು. ಬರೆದು ತೋರಿಸಲು ಇಲ್ಲಿ ಯಾರೂ ಇಲ್ಲ. ಅದಕ್ಕೇ ಹಿಂದಕ್ಕೆ, ನಿಮಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಎಲ್ಲರ ಕಿವಿಯ ಹಿಂದೆ ಉಲಿಮಣಿ ಇರುತ್ತದೆ, ಕಡಲೆಕಾಳಿನಷ್ಟು ಗಾತ್ರದ್ದು. ಅಂಗಡಿಯ ಬೋರ್ಡು, ಔಷಧದ ಬಾಟಲಿ, ಬಸ್ಸಿನ ಫಲಕ, ಯಾವುದರ ಕಡೆ ಮುಖ ಮಾಡಿದರೂ ಅದು ಓದಿ ಹೇಳುತ್ತದೆ. ಗ್ರಂಥಾಲಯದಲ್ಲಿ ಪುಸ್ತಕಗಳಿನ್ನೂ ಇವೆ; ಕಪಾಟಿಗೆ ಬೀಗವೂ ಇಲ್ಲ. ಮಧ್ಯಾಹ್ನ ಅಲ್ಲಿ ನಾನೊಬ್ಬಳೇ ಕೂರುತ್ತೇನೆ. ಒಂದು ಪುಟ ತುಂಬ ಚೆನ್ನಾಗಿದ್ದರೆ, ಯಾರಿಗಾದರೂ ಹೇಳೋಣವೆಂದು ತಲೆಯೆತ್ತುತ್ತೇನೆ. ಎದುರಿಗೆ ಬರೀ ಕುರ್ಚಿಗಳು.

ಓದನ್ನು ಕೊಂದದ್ದು ಮಣಿ ಎಂದು ನಮ್ಮವರು ಸಮಾಧಾನ ಹೇಳಿಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದೇ ಅದಕ್ಕೆ. ನಿಮ್ಮ ತರಗತಿಗಳ ಬಗ್ಗೆ ಉಳಿದಿರುವುದನ್ನೆಲ್ಲ ಓದಿದ್ದೇನೆ. ಅಕ್ಕೋರು ಒಂದು ಸಾಲು ಹೇಳುವುದು, ಮಕ್ಕಳು ಒಟ್ಟಿಗೆ ಕೂಗುವುದು, ಬೆರಳುಗಳು ಪುಸ್ತಕದ ಮೇಲೆ ಎಲ್ಲೋ ಓಡುವುದು, ಕಿಟಕಿಯಾಚೆ ನಿಂತವರು "ಭಾರೀ ಓದ್ತಾವ್ ನೋಡು" ಎನ್ನುವುದು. ಅಕ್ಷರ ಗುರುತಿಲ್ಲದ ಮಗು ಆ ಕೂಗಿನೊಳಗೆ ಸೇರಿಕೊಂಡು ಮುಂದಿನ ತರಗತಿಗೆ ದಾಟಿಬಿಡುತ್ತಿತ್ತು. ಮಣಿ ಬಂದಾಗ ಕಳೆದುಕೊಳ್ಳಲು ಅಂಥವರ ಬಳಿ ಏನಿತ್ತು?

ನಮ್ಮ ಶಾಲೆಯಲ್ಲೂ ಅದೇ ಕೂಗು. ಈಗ ಮಣಿ ಹೇಳಿಕೊಡುತ್ತದೆ, ಅಷ್ಟೇ. ಪಕ್ಕದ ಮನೆಯ ಲಕ್ಕವ್ವ ಎರಡನೆಯ ತರಗತಿ. ಒಂದು ದಿನ ಅವಳ ಮಣಿ ತೆಗೆಸಿ, ಕೊಕ್ಕರೆಯ ಪಾಠದಲ್ಲಿ ಸಾಲಿನ ನಡುವಿನ ಪದವೊಂದರ ಮೇಲೆ ಬೆರಳಿಟ್ಟೆ. ಅವಳು ಪಾಠವನ್ನು ಮೊದಲಿನಿಂದ ಹಾಡುತ್ತ ಬಂದು, ನನ್ನ ಬೆರಳನ್ನು ದಾಟಿ, ಕೊನೆಗೆ ಹೋಗಿ ನಿಂತಳು.

"ಮುಗೀತಲ್ಲ ಆಯಿ, ಮತ್ಯಾಕ ಬಟ್ಟು ಇಟ್ಕೊಂಡು ಕುಂತಿ?"

ಅಂದಿನಿಂದ ತಾಟಿನಲ್ಲಿ ಜೋಳದ ಹಿಟ್ಟು ಹರಡಿ ಅಕ್ಷರ ತೀಡಿಸಿದೆ. ಅವಳಿಗೆ ಗುರುತಾದ ಅಕ್ಷರಗಳಿಂದಲೇ, ಯಾವ ಪಾಠದಲ್ಲೂ ಇಲ್ಲದ ಸಾಲುಗಳನ್ನು ಕಟ್ಟಿ ಮುಂದಿಟ್ಟೆ. ಅವಳು ತಡವರಿಸಿದಾಗ ಉತ್ತರ ನಾಲಿಗೆಯ ತುದಿಗೆ ಬರುತ್ತಿತ್ತು. ಹಲ್ಲು ಕಚ್ಚಿ ಕೂರುತ್ತಿದ್ದೆ. ಒಂದು ಸಂಜೆ "ಎಮ್ಮೆ ಟೋಪಿ ಹಾಕಿತು" ಎಂದು ಬರೆದೆ. ಅವಳ ತುಟಿ ಮಾತ್ರ ಅಲ್ಲಾಡಿತು. ಬೆರಳು ಅಕ್ಷರದಿಂದ ಅಕ್ಷರಕ್ಕೆ ಸರಿಯಿತು. ಆಮೇಲೆ ಒಮ್ಮೆಲೇ ನಕ್ಕಳು. "ಎಮ್ಮಿಗೆ ಟೊಪಗಿ ಯಾರ ಕೊಟ್ರು?" ನಾನು ಬರೆದದ್ದನ್ನು ಇನ್ನೊಬ್ಬರು ಓದಿ ನಕ್ಕದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಆದರೆ ಶಾಲೆಯಲ್ಲಿ ಅವಳು ಕೂಗಿನ ಜೊತೆ ಓಡಲಾರದಾದಳು. ಪ್ರತಿ ಪದವನ್ನೂ ನೋಡಿ ಹೇಳುವವಳು ಹಿಂದೆ ಬೀಳಲೇಬೇಕು. ಅಲ್ಲಿಂದ ದೂರು ಬಂತು. ತಾಯಿ ಶರಣವ್ವ ನನ್ನ ಬಾಗಿಲಿಗೆ ಬಂದಳು.

"ಗಳಗಳ ಓದ್ತಿದ್ಲು ಕೂಸು. ನಿಮ್ ಕಡೆ ಬಂದಾಗಿಂದ ತೊದಲಾಕತ್ಯಾಳ. ತಪ್ಪು ತಿಳ್ಕೋಬ್ಯಾಡ್ರಿ ಆಯಿ, ಇನ್ ಕಳ್ಸಂಗಿಲ್ರಿ."

ಈಗ ಗೋಡೆಯಾಚೆ ಲಕ್ಕವ್ವನ ಪಾಠ ಕೇಳಿಸುತ್ತದೆ. ಗಳಗಳ, ಒಂದೂ ತಪ್ಪಿಲ್ಲದೆ.

ನೀವು ಆ ಕೂಗನ್ನು ದಿನಕ್ಕೆ ಸ್ವಲ್ಪ ಹೊತ್ತಾದರೂ ನಿಲ್ಲಿಸಿ, ಒಂದೊಂದೇ ಮಗುವಿನ ಪಕ್ಕ ಕೂರಿ. ಅದು ಎಂದೂ ಕಂಡಿರದ ಸಾಲು ಕೊಡಿ. ತಡವರಿಸಿದರೆ ಬಾಯಿ ಹಾಕಬೇಡಿ. ಓದಲು ಶುರುಮಾಡಿದ ಮಗು ಹಾಗೇ ತಡವರಿಸುತ್ತದೆ ಎಂದು ತಾಯಂದಿರಿಗೂ ತಿಳಿಸಿ. ಹಾಗೆ ಕಲಿತವರಲ್ಲಿ ಒಬ್ಬರು ಮುಂದಿನವರಿಗೆ ಕಲಿಸಿ, ಅವರು ಅವರ ಮುಂದಿನವರಿಗೆ ಕಲಿಸಿದರೆ, ಕಾಯಲು ಬಲ್ಲ ಒಬ್ಬ ಅಕ್ಕೋರು ನಮ್ಮ ಶಾಲೆಗೂ ಬಂದಾರು.

ದಯವಿಟ್ಟು ಇವತ್ತೇ ಶುರುಮಾಡಿ. ಲಕ್ಕವ್ವ ಅಕ್ಷರ ಮರೆಯುತ್ತಿದ್ದಾಳೆ.

ಶಾಂಭವಿ ಹೂಲಿಕಟ್ಟಿ