ಕೂರಲಾಗದ ಟೈಲರ್

ಮಾರ್ಚ್ 3, ಸಂಜೆ
ಮೂರು ಪ್ಯಾಂಟ್ ಆಯಿತು. ನಾಲ್ಕನೆಯದಕ್ಕೆ ಕೂರಲಾಗಲಿಲ್ಲ. ವೃಷಣಕ್ಕೂ ಗುದಕ್ಕೂ ನಡುವಿನ ಆ ಎರಡು ಬೆರಳು ಜಾಗ — ಕೆಂಡ ಇಟ್ಟ ಹಾಗೆ. ಕಟಿಂಗ್ ನಿಂತೇ ಮಾಡಿದೆ. ಹೊಲಿಗೆ? ಕಾಲಿನ ಮೆಷಿನ್, ಕೂರಲೇಬೇಕು.

ಮಾರ್ಚ್ 4
ಡಾಕ್ಟರ್ ಕೇಳಿದರು, "ಏನು ತೊಂದರೆ?" "ಸೊಂಟ ನೋವು ಸಾರ್" ಅಂದುಬಿಟ್ಟೆ. ಥೂ, ನನ್ನ ಬಾಯಿಗೆ! ಇಪ್ಪತ್ತು ವರ್ಷದಿಂದ ಊರ ಗಂಡಸರ ತೊಡೆಸಂದಿಗೆ ಟೇಪು ಹಿಡಿದವನು. ನನ್ನದು ಹೇಳಲು ನಾಲಿಗೆ ಏಳಲಿಲ್ಲ. ಸೊಂಟಕ್ಕೆ ಬೆಲ್ಟ್ ಬರೆದುಕೊಟ್ಟರು.

ಮಾರ್ಚ್ 19
ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಬೆಲ್ಟಿನಿಂದ ಬಂದದ್ದು ಬೆವರುಸಾಲೆ ಮಾತ್ರ. ಫೋಮ್ ಕತ್ತರಿಸಿ, ನಡುವೆ ತೂತು ಬಿಟ್ಟು ದಿಂಬು ಹೊಲಿದುಕೊಂಡೆ. ಅರ್ಧ ಗಂಟೆ ತಡೆಯುತ್ತದೆ. ಬಿಸಿನೀರಿನ ಟಬ್ಬಿನಲ್ಲಿ ಕೂತರೆ ಸ್ವಲ್ಪ ಜೀವ ಬರುತ್ತದೆ. ಬಚ್ಚಲಿನ ಚಿಲಕ ಹಾಕಿಕೊಂಡಿದ್ದೆ.
"ಒಳಗೆ ಯಾರ ಜೊತೆ ಮಾತು?" — ನನ್ನ ಹೆಂಡತಿ, ಹೊರಗಿನಿಂದ.
ಮಾತಲ್ಲ. ನರಳುತ್ತಿದ್ದೆ.

ಮಾರ್ಚ್ 27
ಮಧ್ಯಾಹ್ನ ಇವಳು ಹತ್ತಿರ ಬಂದಳು. ಸರಿದುಕೊಂಡೆ. ಕೂಡಿದ ಮೇಲೆ ಎರಡು ದಿನ ನೋವು ಬಿಡುವುದಿಲ್ಲ, ಅದಕ್ಕೆ.
"ನಾನು ಬೇಡವಾದ್ನಾ?"
ಎದ್ದು ಮೆಷಿನ್ ಕಡೆ ಹೋದೆ. ದೇವರೇ, ಇದನ್ನು ಹೇಗೆ ಹೇಳಲಿ...

ಏಪ್ರಿಲ್ 9, ಬೆಳಿಗ್ಗೆ 10
ಬ್ಯಾಗ್ ತುಂಬಿದ್ದಾಳೆ. ಅಣ್ಣನ ಮನೆಗಂತೆ.
"ಯಾರವಳು ಅಂತ ಹೇಳಿಬಿಡಿ. ಗಲಾಟೆ ಮಾಡಲ್ಲ."
"ಯಾರೂ ಇಲ್ಲ ಕಣೇ! ನೋವು... ಕೆಳಗೆ... ಕೂರೋ ಜಾಗ—"
ಅಷ್ಟಕ್ಕೇ ಅಳು ಬಂತು. ಮಗುವಿನ ಹಾಗೆ ಅತ್ತೆ.
"ಮತ್ತೆ ಆ ಬೆಲ್ಟು?"
"ಡಾಕ್ಟರಿಗೆ ಸುಳ್ಳು ಹೇಳ್ದೆ."
"ಅಯ್ಯೋ, ನಿಮ್ಮ ಮರ್ಯಾದೆಗೆ ಬೆಂಕಿ ಹಾಕ! ಇದಕ್ಕಾ ನಾನು ಒಂದು ತಿಂಗಳಿಂದ ಸಾಯ್ತಿರೋದು?" ಅವಳೂ ಅತ್ತಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

12:20
ಕ್ಲಿನಿಕ್. ಎಲ್ಲರೂ ಕೂತಿದ್ದಾರೆ, ನಾನು ಗೋಡೆಗೆ ಒರಗಿ ಬರೆಯುತ್ತಿದ್ದೇನೆ. ದೊಡ್ಡ ಕಾಯಿಲೆ ಅಂದುಬಿಟ್ಟರೆ?
ಇವಳು ಬ್ಯಾಗ್ ಮನೆಯಲ್ಲಿ ಬಿಟ್ಟಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. "ಒಳಗೆ ನಾನೂ ಬರ್ತೀನಿ. ನಿಮ್ಮ ಬಾಯಿಂದ್ಲೇ ಬರ್ಬೇಕು. ಸೊಂಟ ಅಂದ್ರೋ, ಇಲ್ಲಿಂದ್ಲೇ ಬಸ್ ಹತ್ತಿಬಿಡ್ತೀನಿ."
ನನ್ನ ಟೋಕನ್ ಕರೆದರು. ಬಾಯಿಪಾಠ ಮಾಡಿಕೊಳ್ಳುತ್ತಿದ್ದೇನೆ — ಡಾಕ್ಟ್ರೇ, ಅವತ್ತು ಸುಳ್ಳು ಹೇಳಿದ್ದೆ. ನನಗೆ ನೋವಿರೋದು ಸೊಂಟದಲ್ಲಲ್ಲ, ಕೆಳಗೆ, ಕೂರೋ ಜಾಗದಲ್ಲಿ.