ಅಂಬುವಿನ ಕೋಲು ನನ್ನ ಕೈಗೆ

ವಲಿಯಪರಂಬ, ಶನಿವಾರ

ವರ್ಕಾಡಿಯ ಭಾವನವರಿಗೆ,

ಹೆಂಗಸು ದೋಟಿ ಹಿಡಿದು ಅಡಿಕೆ ಕೊಯ್ಯುವುದಾ ಅಂತ ಮದುವೆಮನೆಯಲ್ಲಿ ಎಲ್ಲರೆದುರು ನಗಾಡಿದಿರಲ್ಲ, ಈಗ ಕೇಳಿ. ಕುಟುಂಬಶ್ರೀ ಸಂಘದ ಹೆಂಗಸರೊಟ್ಟಿಗೆ, ಇಲ್ಲಿಯವರು ಕಾಯಲ್ ಅನ್ನುವ ಹಿನ್ನೀರಿನ ಸರೋವರಕ್ಕೆ ಬಂದಿದ್ದೇನೆ. ಕಣ್ಣು ಹಾಯಿಸಿದಷ್ಟೂ ನೀರು! ಇಳಿತದ ಹೊತ್ತಿಗೆ ನಮ್ಮ ಬೋಟು ನಡುವಿನಲ್ಲೇ ಕೆಸರಿನಲ್ಲಿ ಕೂತಿತು. ಬೋಟು ನಡೆಸುವ ಅಂಬು ಎಂಬವರು ತಮ್ಮ ಅಜ್ಜನ ಕಾಲದ ಬಿದಿರಿನ ಕೋಲು ತೆಗೆದರು. ರಸ್ತೆ ಇಲ್ಲದಾಗ ಅಜ್ಜ ಅದನ್ನೇ ಊರಿ ದೋಣಿಯಲ್ಲಿ ಊರಿಗೆಲ್ಲ ಅಕ್ಕಿ ತರುತ್ತಿದ್ದರಂತೆ. ಪಾಪ, ಅಂಬುವಿನ ಕೈ ಸೋತಿತು. ನಾನು ಎದ್ದು ಕೋಲು ಕೇಳಿದೆ. ಮೂವತ್ತಡಿ ದೋಟಿಯನ್ನು ಗಾಳಿಯಲ್ಲಿ ನೆಟ್ಟಗೆ ನಿಲ್ಲಿಸುವವಳಿಗೆ ಇದೆಂತ ಭಾರ? ಊರಿ ಮೂರು ಸಲ ನೂಕಿದೆ, ಬೋಟು ಜಾರಿ ಹೊರಟಿತು. ದಡ ಮುಟ್ಟುವವರೆಗೂ ಕೋಲು ನನ್ನ ಕೈಯಲ್ಲೇ!

"ನಿಮ್ಮ ಊರಲ್ಲೂ ಕಾಯಲ್ ಉಂಟಾ ಚೇಚಿ?" ಅಂತ ಅಂಬು ಕೇಳಿದರು.

"ಇಲ್ಲ, ಅಡಿಕೆ ಮರ ಉಂಟು" ಅಂದೆ.

ಅಂಗೈಯಲ್ಲಿ ಎರಡು ಗುಳ್ಳೆ ಎದ್ದಿವೆ, ಬಾಕಿ ಸೌಖ್ಯ. ಫೋನು ಮಾಡಬಹುದಿತ್ತು. ಆದರೆ ಕಾರ್ಡಾದರೆ ನಿಮ್ಮ ಕೈಸೇರುವ ಮೊದಲೇ ಪೋಸ್ಟ್‌ಮ್ಯಾನ್, ಅಂಗಡಿಯವ, ಜೀಪಿನವರು ಎಲ್ಲರೂ ಓದಿರುತ್ತಾರೆ. ಓದಲಿ.

ನಿಮ್ಮ ತಮ್ಮನ ಹೆಂಡತಿ,
ಪ್ರೇಮಾವತಿ